ಮದುವೆ ಊಟ, ಮಧ್ಯಾಹ್ನದ ಮ್ಯಾಚು ಮತ್ತು ಬೇಸಿಗೆಯ ಮೊದಲ ಎರಡು ವಾರ

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 28, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಹೈಸ್ಕೂಲಿನಿಂದಲೂ ಜೊತೆಗಿರುವ ನಾವು ಒಂಬತ್ತು ಮಂದಿ ಗೆಳೆಯರು, ನಮ್ಮಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅಂದೇ ಮಧ್ಯಾಹ್ನ ಊಟ ಮುಗಿಸಿಕೊಂಡು ಓದಿದ ಶಾಲೆಯ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುವುದು ರೂಢಿ. ಕಳೆದ ವರ್ಷ ಯುಗಾದಿಯ ನಂತರದ ಒಂದು ಮದುವೆಯ ದಿನ ನಮ್ಮ ಗೆಳೆಯನೊಬ್ಬ ಬೌಲಿಂಗ್ ಮಾಡಲು ಓಡಿ ಬರುತ್ತಿದ್ದಾಗಲೇ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿ ಸಂಜೆ ಮನೆಗೆ ಕಳುಹಿಸಿದರು. ಈ ವರ್ಷ ಯುಗಾದಿಗೂ ಬಸವ ಜಯಂತಿಗೂ ನಡುವೆ ಮೂರು ಮದುವೆಗಳಿವೆ: ಎರಡು ದಾವಣಗೆರೆಯಲ್ಲಿ, ಒಂದು ಚಿತ್ರದುರ್ಗದಲ್ಲಿ. ಮನೆಯಲ್ಲಿ ಆಟದ ಮಾತೇ ಎತ್ತಬೇಡಿ ಎನ್ನುತ್ತಾರೆ. ಬೇಸಿಗೆಯಲ್ಲಿ ಆಟ ಬಿಡಲೇಬೇಕೇ? ನೀರು ಎಷ್ಟು ಕುಡಿಯಬೇಕು? ದಿನವೂ ಓಆರ್‌ಎಸ್ ಕುಡಿದರೆ ಸಾಕೇ? ಬಿಸಿಲಿಗೆ ಕಾದ ಮೈಮೇಲೆ ತಣ್ಣೀರು ಸುರಿಯಬಾರದು ಎನ್ನುವುದು ನಿಜವೇ?

ಉತ್ತರ: ಆಟ ಬಿಡಬೇಕಾಗಿಲ್ಲ. ಆದರೆ ನಿಮ್ಮ ಗೆಳೆಯರ ಬಳಗ ಇಷ್ಟು ವರ್ಷ ಆಟಕ್ಕೆ ಆರಿಸಿಕೊಂಡು ಬಂದಿರುವ ಗಳಿಗೆ ಮಾತ್ರ ಇಡೀ ವರ್ಷದಲ್ಲೇ ಅತ್ಯಂತ ಕೆಟ್ಟ ಗಳಿಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿ ಆರತಕ್ಷತೆಯ ಗದ್ದಲದಲ್ಲಿ ನಿದ್ದೆಯಿಲ್ಲ, ಬೆಳಿಗ್ಗೆಯಿಂದ ಕಾಫಿ ಬಿಟ್ಟರೆ ಹೊಟ್ಟೆಗೆ ನೀರಿಲ್ಲ, ಮಧ್ಯಾಹ್ನ ಹೋಳಿಗೆ ಊಟ, ಅದರ ಬೆನ್ನಿಗೇ ಎರಡು ಗಂಟೆಯ ಬಿಸಿಲಿನಲ್ಲಿ ಓಟ. ಅದೂ ವರ್ಷವಿಡೀ ಹವಾನಿಯಂತ್ರಿತ ಕಚೇರಿಯಲ್ಲಿ ಕೂತು ಹಿಂದಿನ ದಿನವಷ್ಟೇ ಊರಿಗೆ ಬಂದಿಳಿದ ಮೈಯಿಂದ. ಇವುಗಳಲ್ಲಿ ಯಾವುದಾದರೂ ಒಂದನ್ನು ಆರೋಗ್ಯವಂತ ಯುವಕನ ದೇಹ ಸುಲಭವಾಗಿ ತಾಳಿಕೊಳ್ಳುತ್ತದೆ. ಎಲ್ಲವೂ ಒಂದೇ ದಿನ ಕೂಡಿಬಂದಾಗ ತಾಳಿಕೊಳ್ಳಲಾರದು. ನಿಮ್ಮ ಮನೆಯವರು ಬಿಸಿಲನ್ನು ದೂರುತ್ತಿದ್ದಾರೆ. ಬಿಸಿಲಿನಷ್ಟೇ ತಪ್ಪು ಆ ದಿನದ ಜೋಡಣೆಯಲ್ಲೂ ಇದೆ.

ಮೂವತ್ತು ವರ್ಷಗಳ ಸಮೀಪ ಇದೇ ಸೀಮೆಯಲ್ಲಿ ವೈದ್ಯನಾಗಿ ಕೆಲಸ ಮಾಡಿದ ನನಗೆ ಮತ್ತೆ ಮತ್ತೆ ಕಂಡಿರುವ ಸಂಗತಿಯೊಂದಿದೆ. ಆಟವಾಡುವ, ದುಡಿಯುವ ಹರೆಯದವರು ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಬರುವುದು ಮೇ ತಿಂಗಳ ಕಡು ಬೇಸಿಗೆಗಿಂತ ಹೆಚ್ಚಾಗಿ ಮಾರ್ಚ್ ತಿಂಗಳಲ್ಲಿ ಮತ್ತು ಏಪ್ರಿಲ್‌ನ ಆರಂಭದಲ್ಲಿ. ಚಳಿ ಶಿವರಾತ್ರಿಗೆ ಶಿವ ಶಿವಾ ಎಂದು ಹೋಗುತ್ತದೆ ಎನ್ನುತ್ತೇವಲ್ಲ, ಅದು ಹೋದ ಮರುದಿನವೇ ದೇಹ ಬೇಸಿಗೆಗೆ ಸಿದ್ಧವಾಗಿರುವುದಿಲ್ಲ. ಸೆಕೆಯಲ್ಲಿ ದುಡಿಯುವುದನ್ನು ದೇಹ ಪ್ರತಿ ವರ್ಷವೂ ಹೊಸದಾಗಿ ಕಲಿಯಬೇಕು, ಮತ್ತು ಆ ಕಲಿಕೆಗೆ 7ರಿಂದ 14 ದಿನಗಳು ಹಿಡಿಯುತ್ತವೆ. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಇದರಿಂದಲೇ ಹೊರಡುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ.

ಓಡುವಾಗ, ಎಸೆಯುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ನಿಜವಾಗಿ ಆಟಕ್ಕೆ ಸಲ್ಲುವುದು ಹೆಚ್ಚೆಂದರೆ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಮೈಯೊಳಗೇ ಹುಟ್ಟುತ್ತದೆ, ಮತ್ತು ಅದನ್ನು ಹೊರಹಾಕಲೇಬೇಕು. ಗಾಳಿ ತಂಪಾಗಿರುವಾಗ ಚರ್ಮದಿಂದ ಗಾಳಿಗೆ ಶಾಖ ತಾನಾಗಿಯೇ ಹರಿದುಹೋಗುತ್ತದೆ. ಆದರೆ ನಮ್ಮ ಚರ್ಮದ ಉಷ್ಣತೆಯೇ ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಗಾಳಿಯ ಉಷ್ಣತೆ 36, 37 ಮುಟ್ಟಿತೆಂದರೆ ಶಾಖ ಹೊರಗೆ ಹರಿಯುವ ಬದಲು ಹೊರಗಿನಿಂದ ಒಳಗೆ ಬರತೊಡಗುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಯಾವ ಪ್ರಯೋಜನವೂ ಇಲ್ಲ. ಅದು ಬರಿಯ ನಷ್ಟ.

ಬೇಸಿಗೆಗೆ ಇನ್ನೂ ಒಗ್ಗದ ದೇಹ ತಡವಾಗಿ ಬೆವರತೊಡಗುತ್ತದೆ, ಬೆವರಿದಾಗ ಹೆಚ್ಚು ಉಪ್ಪನ್ನು ಕಳೆದುಕೊಳ್ಳುತ್ತದೆ, ಅಷ್ಟೇ ಓಟಕ್ಕೆ ಎದೆ ಹೆಚ್ಚು ವೇಗವಾಗಿ ಬಡಿದುಕೊಳ್ಳುತ್ತದೆ. ದಿನವೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಸೆಕೆಯಲ್ಲಿ ಮೈ ದಂಡಿಸಿದರೆ ಮೊದಲ ನಾಲ್ಕೈದು ದಿನಗಳಲ್ಲೇ ರಕ್ತದ ನೀರಿನಂಶ ಹೆಚ್ಚಿ ಹೃದಯದ ಹೊರೆ ತಗ್ಗುತ್ತದೆ. ನಂತರದ ದಿನಗಳಲ್ಲಿ ಬೆವರು ಬೇಗ ಬರತೊಡಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಊರಿನಲ್ಲೇ ಇದ್ದು ದಿನವೂ ಬಯಲಿನಲ್ಲಿ ದುಡಿಯುವ ನಿಮ್ಮ ಗೆಳೆಯನಿಗೆ ಈ ಕಲಿಕೆ ಯುಗಾದಿಯ ಹೊತ್ತಿಗೆ ಮುಗಿದಿರುತ್ತದೆ. ಬೆಂಗಳೂರಿನಿಂದ ಬರುವ ನಿಮಗೆ ಅದು ಶುರುವೇ ಆಗಿರುವುದಿಲ್ಲ. ಒಂದೇ ತಂಡ, ಒಂದೇ ಮೈದಾನ, ಒಂದೇ ವಯಸ್ಸು. ಆದರೂ ಒಬ್ಬ ನಿರಾಳವಾಗಿ ಆಡುತ್ತಾನೆ, ಇನ್ನೊಬ್ಬ ಬೀಳುತ್ತಾನೆ. ಬಿದ್ದವನನ್ನು ‘ಸಿಟಿ ಸೇರಿ ಮೆತ್ತಗಾಗಿದ್ದಾನೆ’ ಎಂದು ಗೆಳೆಯರು ಛೇಡಿಸುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಛೇಡಿಸಬೇಡಿ, ಏಕೆಂದರೆ ಆ ಮಾತಿಗೆ ಅಂಜಿಯೇ ಎಷ್ಟೋ ಹುಡುಗರು ತಲೆ ಸುತ್ತುತ್ತಿದ್ದರೂ ಬಾಯಿ ಬಿಡದೆ ಇನ್ನೊಂದು ಓವರ್ ಎಸೆಯಲು ಹೋಗುತ್ತಾರೆ.

ಆದ್ದರಿಂದ ನಿಮ್ಮ ತಯಾರಿ ಲಗ್ನಪತ್ರಿಕೆ ಕೈಸೇರಿದ ದಿನದಿಂದಲೇ ಬೆಂಗಳೂರಿನಲ್ಲಿ ಆರಂಭವಾಗಲಿ. ಮೊದಲ ಮದುವೆಗೆ ಎರಡು ವಾರ ಇರುವಾಗ ದಿನವೂ ಸಂಜೆ ನಾಲ್ಕೂವರೆ, ಐದರ ಹೊತ್ತಿಗೆ ಹೊರಗೆ ಹೋಗಿ ಮೊದಲ ಎರಡು ದಿನ 20 ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ದಿನಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ, ನಡಿಗೆಯ ನಡುವೆ ಓಟವನ್ನೂ ಸೇರಿಸುತ್ತ ಒಂದು ಗಂಟೆಗೆ ತಲುಪಿ. ಬೆಂಗಳೂರಿನ ಸಂಜೆ ನಮ್ಮೂರಿನಷ್ಟು ಕಾಯದಿದ್ದರೂ ಚೆನ್ನಾಗಿ ಬೆವರುವಷ್ಟು ದುಡಿದರೆ ದೇಹ ಬಹುಪಾಲು ಪಾಠವನ್ನು ಕಲಿತುಕೊಳ್ಳುತ್ತದೆ. ಕಲಿತದ್ದನ್ನು ಬಿಟ್ಟರೆ ಎರಡು ಮೂರು ವಾರಗಳಲ್ಲಿ ಅದು ಮರೆತೂ ಹೋಗುತ್ತದೆ. ಮೂರು ಮದುವೆಗಳ ನಡುವಿನ ವಾರಗಳಲ್ಲಿ ಅಭ್ಯಾಸ ನಿಲ್ಲಿಸಬೇಡಿ.

ಇದು ಹೊಸ ವಿದ್ಯೆಯೇನಲ್ಲ. ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ಬಯಲು ಕುಸ್ತಿ ನೋಡಿ ಬೆಳೆದವರಿಗೆ ಗರಡಿಮನೆಯ ಶಿಸ್ತು ಗೊತ್ತು. ನಸುಕಿನಲ್ಲೇ ತಾಲೀಮು, ಹೊಸ ಹುಡುಗನಿಗೆ ಮೊದಲ ದಿನವೇ ದೊಡ್ಡ ಜೋಡಿಯಿಲ್ಲ, ಸಾಮು ದಿನದಿನಕ್ಕೆ ಏರಬೇಕು. ಕಾರಣವನ್ನು ಶರೀರಶಾಸ್ತ್ರದ ಭಾಷೆಯಲ್ಲಿ ಹೇಳದಿದ್ದರೂ ಉಸ್ತಾದರು ಹುಡುಗರನ್ನು ಕಾಪಾಡುತ್ತಿದ್ದುದು ಇದೇ ಕ್ರಮದಿಂದ.

ಇನ್ನು ಮದುವೆಯ ದಿನದ ಊಟದ ವಿಚಾರ. ಹೋಳಿಗೆ, ತುಪ್ಪ, ಎಣ್ಣೆಗಾಯಿ, ಚಿತ್ರಾನ್ನ, ಎರಡು ಬಗೆಯ ಸಿಹಿ ಹೊಟ್ಟೆಗಿಳಿದ ಮೇಲೆ ಜೀರ್ಣಕ್ಕಾಗಿ ಕರುಳಿಗೆ ಹೆಚ್ಚು ರಕ್ತ ಬೇಕು. ಓಡತೊಡಗಿದರೆ ಸ್ನಾಯುಗಳಿಗೂ ಬೇಕು. ಮೈ ತಂಪಾಗಲು ಚರ್ಮಕ್ಕೂ ಬೇಕು. ಇರುವ ಐದು ಲೀಟರ್ ರಕ್ತವನ್ನು ಹೃದಯ ಈ ಮೂರು ಕಡೆಗೂ ಹಂಚಬೇಕು, ಅದೂ ಬೆವರಿನಿಂದ ಆ ರಕ್ತದ ನೀರು ಕಡಿಮೆಯಾಗುತ್ತಿರುವ ಹೊತ್ತಿನಲ್ಲಿ. ಭಾರಿ ಊಟದ ನಂತರ ಕನಿಷ್ಠ ಮೂರು ಗಂಟೆ ಆಟ ಬೇಡ ಎಂದು ಹೇಳುವುದು ಇದಕ್ಕಾಗಿ. ಮುಹೂರ್ತ ಹನ್ನೊಂದಕ್ಕೋ ಹನ್ನೆರಡಕ್ಕೋ ಇದ್ದರೆ ಊಟದ ಪಂಕ್ತಿಯಿಂದ ನೀವು ಏಳುವುದೇ ಎರಡು ಗಂಟೆಗೆ. ಅಲ್ಲಿಗೆ ಐದು ಗಂಟೆಗೆ ಮೊದಲು ಬ್ಯಾಟು ಮುಟ್ಟುವ ಹಾಗಿಲ್ಲ. ಸೂರ್ಯ ಮುಳುಗುವುದು ಆರೂವರೆಯ ನಂತರವಾದ್ದರಿಂದ ಎಂಟೆಂಟು ಓವರ್‌ಗಳ ಪಂದ್ಯಕ್ಕೆ ಬೇಕಾದಷ್ಟು ಬೆಳಕು ಆಗಲೂ ಉಳಿದಿರುತ್ತದೆ.

ನನ್ನನ್ನು ಕೇಳಿದರೆ ಮದುವೆಯ ಮರುದಿನ ಬೆಳಗಿನ ಆರೂಕಾಲಿಗೆ ಆಡುವುದೇ ಲೇಸು. ರಾತ್ರಿಯಿಡೀ ಆರಿದ ನೆಲ, ಹಗುರಾದ ಗಾಳಿ, ಮದುವೆಯ ಜವಾಬ್ದಾರಿ ಕಳೆದು ತುಂಬ ನಿದ್ದೆ ಮಾಡಿದ ಮೈ. ಎಂಟೂವರೆಗೆ ಆಟ ಮುಗಿಸಿ ಎಲ್ಲರೂ ಒಟ್ಟಿಗೆ ಹೋಗಿ ಬೆಣ್ಣೆ ದೋಸೆ ತಿನ್ನಬಹುದು. ಹೊಸ ಮದುಮಗ ಮಾತ್ರ ಬರಲಾರ, ಅದನ್ನು ಬಲ್ಲೆ. ಅವನನ್ನೂ ಸೇರಿಸಿಕೊಳ್ಳಲೇಬೇಕೆಂದಿದ್ದರೆ ಮದುವೆಗೆ ಎರಡು ದಿನ ಮೊದಲು, ಅರಿಶಿನ ಹಚ್ಚುವುದಕ್ಕೆ ಮುಂಚಿನ ಸಂಜೆ ಇಟ್ಟುಕೊಳ್ಳಿ.

ನಿದ್ದೆಯ ಬಗ್ಗೆ ಇನ್ನೆರಡು ಮಾತು. ನಿದ್ದೆಗೆಟ್ಟ ದೇಹ ಶಾಖವನ್ನು ಹೊರಹಾಕುವುದರಲ್ಲಿ ಹಿಂದೆ ಬೀಳುತ್ತದೆ, ಜೊತೆಗೆ ‘ಸಾಕು, ಕೂತುಕೋ’ ಎಂದು ಒಳಗಿನಿಂದ ಬರುವ ಎಚ್ಚರಿಕೆಯನ್ನು ಗುರುತಿಸುವ ವಿವೇಚನೆಯೂ ಮಂಕಾಗುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದಿಳಿದವರು, ಹಿಂದಿನ ರಾತ್ರಿ ಮದ್ಯ ಸೇವಿಸಿದವರು, ಆ ವಾರ ಜ್ವರ ಅಥವಾ ಭೇದಿಯಿಂದ ನರಳಿದವರು ಅಂದು ಆಡಬಾರದು. ಅಲರ್ಜಿ, ನೆಗಡಿಗೆ ಕೊಡುವ ಕೆಲವು ಮಾತ್ರೆಗಳು ಬೆವರನ್ನು ತಗ್ಗಿಸುತ್ತವೆ. ರಕ್ತದೊತ್ತಡಕ್ಕೆ ಕೊಡುವ, ಹೆಚ್ಚು ಮೂತ್ರ ಹೋಗಿಸುವ ಮಾತ್ರೆಗಳು ಮೈಯ ನೀರನ್ನು ಕಳೆಯುತ್ತವೆ. ಅಂಥವನ್ನು ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳಿಯೇ ಮೈದಾನಕ್ಕಿಳಿಯಲಿ. ಈ ಎರಡನೆಯ ಮಾತು ನಿಮಗಿಂತ ಹೆಚ್ಚಾಗಿ ಮಂಟಪದಲ್ಲಿ ರೇಷ್ಮೆ ಉಟ್ಟು ಬೆಳಗಿನಿಂದ ಕೂತಿರುವ ನಿಮ್ಮ ಮನೆಯ ಹಿರಿಯರಿಗೆ ಅನ್ವಯಿಸುತ್ತದೆ. ಶೌಚಾಲಯ ದೂರವಿದೆ, ಎದ್ದು ಹೋಗುವುದು ಕಷ್ಟ ಎಂಬ ಸಂಕೋಚಕ್ಕೆ ಅವರು ನೀರನ್ನೇ ಮುಟ್ಟುವುದಿಲ್ಲ. ಗಂಟೆಗೊಮ್ಮೆ ನೀವೇ ಒಂದು ಲೋಟ ಮಜ್ಜಿಗೆಯನ್ನೋ ಪಾನಕವನ್ನೋ ಅವರ ಕೈಗೆ ಕೊಟ್ಟು ಬನ್ನಿ.

ನೀರು ಎಷ್ಟು ಕುಡಿಯಬೇಕೆಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಅಳತೆ ಇಲ್ಲ. ಬಿಸಿಲಿನ ಆಟದಲ್ಲಿ ಕೆಲವರು ಗಂಟೆಗೆ ಅರ್ಧ ಲೀಟರ್ ಬೆವರಿದರೆ ಕೆಲವರು ಎರಡು ಲೀಟರ್ ಬೆವರುತ್ತಾರೆ. ನಿಮ್ಮ ಅಳತೆಯನ್ನು ನೀವೇ ಕಂಡುಕೊಳ್ಳುವುದು ಸುಲಭ. ಅಭ್ಯಾಸದ ದಿನ ಆಟಕ್ಕೆ ಮೊದಲು ಮೂತ್ರಕ್ಕೆ ಹೋಗಿಬಂದು ತೂಕ ನೋಡಿಕೊಳ್ಳಿ, ಆಟ ಮುಗಿದ ಮೇಲೆ ಮೈ ಒರೆಸಿಕೊಂಡು ಮತ್ತೆ ತೂಗಿ. 68 ಕಿಲೋ ಇದ್ದದ್ದು 66.8 ಆಗಿದ್ದರೆ ನೀವು ಕುಡಿದದ್ದು ಸಾಲದೆ 1.2 ಲೀಟರ್ ಬಾಕಿ ಉಳಿದಿದೆ ಎಂದರ್ಥ. ಕಳೆದುಕೊಂಡ ತೂಕ ದೇಹದ ತೂಕದ ಶೇಕಡಾ 2ನ್ನು ಮೀರಿದರೆ ಆಟದ ಚುರುಕೂ ಕುಗ್ಗುತ್ತದೆ, ಅಪಾಯವೂ ಏರುತ್ತದೆ. ಹಾಗೆ ಬಾಕಿ ಉಳಿದ ಪ್ರತಿ ಕಿಲೋಗೆ ಒಂದರಿಂದ ಒಂದೂವರೆ ಲೀಟರ್‌ನಂತೆ ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ತುಂಬಿಕೊಳ್ಳಬೇಕು. ತೂಕದ ಯಂತ್ರ ಇಲ್ಲದಿದ್ದರೆ ಆಟಕ್ಕೆ ಎರಡು ಗಂಟೆ ಮೊದಲು ಅರ್ಧ ಲೀಟರ್, ಆಟದ ನಡುವೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಸಣ್ಣ ಲೋಟ ಎಂಬ ಲೆಕ್ಕ ಹೆಚ್ಚಿನವರಿಗೆ ಸರಿಹೋಗುತ್ತದೆ. ಮೂತ್ರ ತೆಳು ಹಳದಿಯಾಗಿದ್ದರೆ ನೆಮ್ಮದಿ. ಕಡು ಹಳದಿಯಾಗಿದ್ದರೆ ಅಂದಿನ ಆಟಕ್ಕೆ ನೀವಿನ್ನೂ ಸಿದ್ಧರಾಗಿಲ್ಲ.

ನಮ್ಮ ಕಡೆಯ ಸೆಕೆಗೆ ಒಂದು ಮೋಸದ ಗುಣವಿದೆ. ಮಂಗಳೂರಿನಲ್ಲಿ ಹತ್ತು ಹೆಜ್ಜೆ ಹಾಕಿದರೆ ಅಂಗಿ ಬೆನ್ನಿಗೆ ಅಂಟುತ್ತದೆ. ದಾವಣಗೆರೆ, ಚಳ್ಳಕೆರೆ, ಹಿರಿಯೂರಿನ ಒಣ ಗಾಳಿಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಮೈ ತಂಪಾಗಲು ಅದು ಒಳ್ಳೆಯದೇ, ಆದರೆ ಎಷ್ಟು ಕಳೆದುಕೊಂಡೆವು ಎಂಬುದು ತಿಳಿಯುವುದಿಲ್ಲ. ಆಟ ಮುಗಿದ ಮೇಲೆ ನಿಮ್ಮ ಕಪ್ಪು ಟೀ ಶರ್ಟಿನ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿ. ಭುಜದ ಮೂಳೆಗಳ ನಡುವೆ, ಕಂಕುಳ ಸುತ್ತ, ಕೆರೆಯ ನೀರು ಇಳಿದಾಗ ದಂಡೆಯಲ್ಲಿ ಉಳಿಯುವ ಗೆರೆಗಳಂತೆ ಬಿಳಿಯ ವರ್ತುಲಗಳು ಒಂದರೊಳಗೊಂದು ಮೂಡಿರುತ್ತವೆ. ಅದು ನಿಮ್ಮ ಮೈಯಿಂದ ಹೋದ ಉಪ್ಪು. ಯಾರ ಅಂಗಿಯಲ್ಲಿ ಈ ಗೆರೆಗಳು ದಪ್ಪವಾಗಿ ಕಾಣುತ್ತವೆಯೋ ಅವರಿಗೆ ಬರಿಯ ನೀರು ಸಾಲದು.

ಬರಿಯ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ಕೊನೆಗೆ ಅಪಸ್ಮಾರವೂ ಬರಬಹುದು. ಬಾಯಾರಿಕೆಗೆ ಮೀರಿ, ಹೊಟ್ಟೆ ಉಬ್ಬರಿಸುವಷ್ಟು ಕುಡಿಯುವುದು ಜಾಣತನವಲ್ಲ. ಹಾಗೆಂದು ದಿನವೂ ಓಆರ್‌ಎಸ್ ಕುಡಿಯುವ ಅಗತ್ಯವೂ ಇಲ್ಲ. ಒಂದು ಗಂಟೆಯೊಳಗಿನ ಆಟಕ್ಕೆ ನೀರು ಮತ್ತು ಆಮೇಲಿನ ಊಟ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಆಡುವಾಗ ಉಪ್ಪು ಬೆರೆಸಿದ ನೀರು ಮಜ್ಜಿಗೆಯಂಥ ಪಾನೀಯ ನಮ್ಮ ಕೈಗೆ ಸಿಗುವುದರಲ್ಲೇ ಉತ್ತಮ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಆಟ ಮುಗಿದ ಮೇಲೆ ಎಳನೀರಿನ ಜೊತೆಗೆ ಒಂದು ಪೊಟ್ಟಣ ಖಾರ ಮಂಡಕ್ಕಿ ತಿಂದರೆ ಕಳೆದ ಉಪ್ಪು ಸುಖವಾಗಿ ಮರಳುತ್ತದೆ, ದಾವಣಗೆರೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಗ್ಲೂಕೋಸ್ ಪುಡಿಯ ನೀರು ಸಿಹಿ ನೀರಷ್ಟೇ; ಅದು ಓಆರ್‌ಎಸ್‌ಗೆ ಸಮವಲ್ಲ.

ಸ್ನಾಯು ಹಿಡಿದುಕೊಂಡಾಗ, ವಾಂತಿ ಭೇದಿಯಾದಾಗ, ತೀರ ಬಳಲಿದಾಗ ಓಆರ್‌ಎಸ್ ಬೇಕು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವುದನ್ನೇ ಕೊಳ್ಳಿ. ಆ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಸೇರಿರುತ್ತವೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಕಲಸಿ ಕುಡಿಸುವ ತಪ್ಪನ್ನು ಓದಿದವರೂ ಮಾಡುತ್ತಾರೆ. ಹಾಗೆ ಗಟ್ಟಿಯಾಗಿ ಕಲಸಿದ ದ್ರಾವಣ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ. ಚಮಚಗಳು ಗೋಪುರವಾಗಿರದೆ ಮಟ್ಟಸವಾಗಿರಲಿ.

ಮದುವೆಮನೆಯಿಂದ ಮೈದಾನಕ್ಕೆ ಬುತ್ತಿ ಕಟ್ಟಿಸಿಕೊಂಡು ಹೋಗುವವರಿಗೆ ಒಂದು ಎಚ್ಚರಿಕೆ: ಮಧ್ಯಾಹ್ನ ಉಳಿದ ಪಾಯಸ, ಖೋವಾದ ಸಿಹಿ, ಮೊಸರನ್ನವನ್ನು ಸೆಕೆಯಲ್ಲಿಟ್ಟು ಸಂಜೆ ತಿನ್ನಬೇಡಿ. ಅವುಗಳಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ, ಮತ್ತು ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ.

ಈಗ ನಿಮ್ಮ ತಣ್ಣೀರಿನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪ್ರಶ್ನೆ ಇದೇ, ಏಕೆಂದರೆ ಕಾದ ಮೈಗೆ ತಣ್ಣೀರು ಹಾಕಬಾರದೆಂಬ ನಂಬಿಕೆ ಪ್ರಾಣ ತೆಗೆಯಬಲ್ಲದು. ಕೆಲವು ವರ್ಷಗಳ ಹಿಂದೆ ಹರಿಹರದ ಕಡೆ ಬಂಧುಗಳ ಮದುವೆಗೆ ಹೋಗಿದ್ದೆ. ಎರಡನೆಯ ಪಂಕ್ತಿ ಎದ್ದ ಹೊತ್ತಿಗೆ ನಾಲ್ಕೈದು ಹುಡುಗರು ಒಬ್ಬನನ್ನು ತೋಳು ಹಿಡಿದು ಎತ್ತಿಕೊಂಡೇ ಮಂಟಪದೊಳಗೆ ತಂದರು. ಇಪ್ಪತ್ತರ ಹುಡುಗ, ಮದುವೆಗೆಂದು ತೊಟ್ಟ ರೇಷ್ಮೆ ಅಂಗಿಯ ತೋಳು ಮಡಚಿ ಪಕ್ಕದ ಬಯಲಿನಲ್ಲಿ ಕಬಡ್ಡಿ ಆಡುತ್ತಿದ್ದನಂತೆ. ಕುತ್ತಿಗೆಯ ಮೇಲೆ ಇನ್ನೂ ಬೆವರಿತ್ತು. ಆದರೆ ಎದೆ ಮುಟ್ಟಿದರೆ ಕಾದ ಹೆಂಚಿನಂತಿತ್ತು. ‘ಇವತ್ತು ಯಾರ ಮದುವೆಯಪ್ಪಾ?’ ಎಂದು ಕೇಳಿದೆ. ಅವನು ನನ್ನತ್ತ ನೋಡಿ, ‘ನಾಳೆ ಪರೀಕ್ಷೆ ಐತ್ರೀ’ ಎಂದ. ಅಷ್ಟು ಸಾಕಾಗಿತ್ತು.

ಹಿರಿಯರು ಅವನನ್ನು ಕಾರಿನಲ್ಲಿ ಹಾಕಿಕೊಂಡು ದಾವಣಗೆರೆಗೆ ಓಡಲು ಸಿದ್ಧರಾಗಿದ್ದರು. ನಾನು ಬಿಡಲಿಲ್ಲ. 108ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ, ಅವನನ್ನು ಅಡುಗೆಮನೆಯ ಹಿಂದೆ ತರಕಾರಿ ತೊಳೆಯುವ ಕಲ್ಲುಹಾಸಿನ ಮೇಲೆ ಮಲಗಿಸಿದೆವು. ಅಂಗಿ ತೆಗೆದು, ಅಡುಗೆಯವರ ಡ್ರಮ್ಮಿನಿಂದ ಕೊಡಗಟ್ಟಲೆ ನೀರು ಸುರಿದೆವು. ಹಣ್ಣಿನ ರಸದ ಮೇಜಿನಲ್ಲಿದ್ದ ಐಸನ್ನು ಟವೆಲ್‌ಗಳಲ್ಲಿ ಸುತ್ತಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಟ್ಟೆವು. ಊಟದ ಹಾಲ್‌ನ ದೊಡ್ಡ ಫ್ಯಾನನ್ನು ಅವನ ಕಡೆ ತಿರುಗಿಸಿದೆವು. ಒಬ್ಬ ಹಿರಿಯರು ‘ಡಾಕ್ಟ್ರೇ, ಕಾದ ಮೈಗೆ ಐಸು ಇಟ್ಟರೆ ಸನ್ನಿಪಾತ ಆಗುತ್ತೆ’ ಎಂದು ನನ್ನ ಕೈ ಹಿಡಿದೇಬಿಟ್ಟರು. ಸುಮಾರು ಕಾಲು ಗಂಟೆ ಕಳೆದಿರಬೇಕು. ಹುಡುಗ ಮೈ ನಡುಗಿಸುತ್ತ ಕಣ್ಣು ಬಿಟ್ಟು, ‘ನನ್ನ ಫೋನ್ ಎಲ್ಲೈತಿ?’ ಎಂದು ಕೇಳಿದ. ಆಂಬುಲೆನ್ಸ್ ಬಂದಾಗ ಅವನು ತನ್ನ ಹೆಸರು, ಊರು ಎರಡನ್ನೂ ಸರಿಯಾಗಿ ಹೇಳುತ್ತಿದ್ದ.

ಮೈಯೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಮೆದುಳು ಗಲಿಬಿಲಿಗೊಂಡರೆ ಅದೇ ಉಷ್ಣಾಘಾತ. ಬೆವರು ನಿಂತಿರಬೇಕೆಂಬ ನಿಯಮವಿಲ್ಲ. ಆಟಗಾರರಲ್ಲಿ ಬೆವರು ಇದ್ದೂ ಉಷ್ಣಾಘಾತವಾಗುತ್ತದೆ. ಸ್ನಾಯು ಹಿಡಿದು ಒದ್ದಾಡುವವನು, ತಲೆ ಸುತ್ತಿ ಓಕರಿಕೆಯಾಗುವವನು ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಿದ್ದರೆ ನೆರಳು, ಓಆರ್‌ಎಸ್, ಕಾಲು ಎತ್ತಿಟ್ಟು ಮಲಗಿಸುವುದು ಸಾಮಾನ್ಯವಾಗಿ ಸಾಕಾಗುತ್ತದೆ. ಅಸಂಬದ್ಧವಾಗಿ ಮಾತನಾಡುವುದು, ತೂರಾಡುವುದು, ವಿನಾಕಾರಣ ಸಿಟ್ಟಾಗುವುದು, ಸೆಟೆದುಕೊಳ್ಳುವುದು ಕಂಡರೆ ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಮೊದಲ ಅರ್ಧ ಗಂಟೆಯೊಳಗೆ ಉಷ್ಣತೆ ಇಳಿಸಿದರೆ ಮೂತ್ರಪಿಂಡ, ಯಕೃತ್ತು, ಮೆದುಳು ಉಳಿದುಕೊಳ್ಳುತ್ತವೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಇದು ಸೋಂಕಿನ ಜ್ವರವಲ್ಲ. ಕಲ್ಯಾಣ ಮಂಟಪದಲ್ಲಿ ನೀರು, ಐಸು, ಫ್ಯಾನು, ಹತ್ತು ಕೈಗಳು ಎಲ್ಲವೂ ಇರುತ್ತವೆ. ನಿಮ್ಮ ಶಾಲೆಯ ಮೈದಾನದಲ್ಲಿ ಇವು ಇರಲಾರವು. ಆದ್ದರಿಂದ ಬ್ಯಾಟು, ವಿಕೆಟ್ಟುಗಳ ಜೊತೆಗೆ ಎರಡು ದೊಡ್ಡ ಕ್ಯಾನ್ ನೀರು, ಒಂದು ಥರ್ಮಾಕೋಲ್ ಪೆಟ್ಟಿಗೆ ಐಸು, ನಾಲ್ಕು ಟವೆಲ್ ಇಲ್ಲದೆ ಟಾಸ್ ಹಾಕಬೇಡಿ.

ಬೌಲಿಂಗ್ ಬಗ್ಗೆ ಒಂದು ಮಾತು ಸೇರಿಸಲೇಬೇಕು. ದಾವಣಗೆರೆಯ ವಿನಯ್ ಕುಮಾರ್ 2013–14 ಮತ್ತು 2014–15ರಲ್ಲಿ ಕರ್ನಾಟಕ ತಂಡದ ನಾಯಕರಾಗಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದು ತಂದವರು. ಅವರ ಊರಿನ ಗಲ್ಲಿಯ ಪ್ರತಿಯೊಬ್ಬ ಹುಡುಗನೂ ವೇಗದ ಬೌಲರ್ ಆಗಬೇಕೆಂದು ಬಯಸುವುದು ಸಹಜ, ನನಗೆ ಅದರ ಬಗ್ಗೆ ಹೆಮ್ಮೆಯೂ ಇದೆ. ಆದರೆ ಕ್ರಿಕೆಟ್ ತಂಡದಲ್ಲಿ ಅತಿ ಹೆಚ್ಚು ಶಾಖ ಹುಟ್ಟಿಸಿಕೊಳ್ಳುವವನು ಅವನೇ. ವೃತ್ತಿಪರ ಟಿ20 ಪಂದ್ಯದಲ್ಲೂ ಒಬ್ಬನಿಗೆ ನಾಲ್ಕೇ ಓವರ್. ನಿಮ್ಮ ಪಂದ್ಯದಲ್ಲಿ ಯಾರೂ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಎಸೆಯದಿರಲಿ, ಎಸೆದವನು ಮುಂದಿನ ಎರಡು ಓವರ್ ನೆರಳಿರುವ ಬದಿಯಲ್ಲಿ ಫೀಲ್ಡಿಂಗ್ ಮಾಡಲಿ.

ಚಿತ್ರದುರ್ಗದ ಮದುವೆಯ ದಿನ ಗೆಳೆಯರೆಲ್ಲ ಕೋಟೆ ಹತ್ತುವ ಯೋಚನೆ ಮಾಡಿದರೆ, ಅದನ್ನು ಸಂಜೆಗೆ ಇಟ್ಟುಕೊಳ್ಳಬೇಡಿ. ಏಳು ಸುತ್ತಿನ ಕೋಟೆಯ ಬಂಡೆಗಳು ಹಗಲೆಲ್ಲ ಹೀರಿದ ಶಾಖವನ್ನು ಸೂರ್ಯ ಇಳಿದ ಮೇಲೂ ಉಗುಳುತ್ತಲೇ ಇರುತ್ತವೆ. ಐದು ಗಂಟೆಗೆ ಮೈದಾನದಲ್ಲಿ ಹಿತವೆನಿಸುವ ಹವೆ ಎರಡೂ ಕಡೆ ಬಂಡೆಯಿರುವ ಏರುದಾರಿಯಲ್ಲಿ ಹಾಗಿರುವುದಿಲ್ಲ. ಒನಕೆ ಓಬವ್ವನ ಕಿಂಡಿಯ ಬಳಿಯ ಕಲ್ಲಿಗೆ ಸಂಜೆ ಅಂಗೈ ಒತ್ತಿ ನೋಡಿದರೆ ನಾನು ಹೇಳುತ್ತಿರುವುದು ತಿಳಿಯುತ್ತದೆ. ಕೋಟೆಗೆ ಬೆಳಗಿನ ಹೊತ್ತೇ ಸರಿ, ಆಗ ಬಂಡೆ ತಣ್ಣಗಿರುತ್ತದೆ, ಮೇಲೆ ಗಾಳಿಯೂ ಚೆನ್ನಾಗಿ ಬೀಸುತ್ತದೆ.

ಕೊನೆಯದಾಗಿ ನಿಮ್ಮ ಆ ಗೆಳೆಯರ ವಿಷಯ. ಅವರು ಓವರ್ ಮುಗಿಸಿ ನಿಂತ ಮೇಲೆ ತಲೆ ಸುತ್ತಿ ಬಿದ್ದಿದ್ದರೆ ನನಗೆ ಇಷ್ಟು ಆತಂಕವಾಗುತ್ತಿರಲಿಲ್ಲ. ಓಟ ನಿಲ್ಲಿಸಿದಾಗ ರಕ್ತ ಕಾಲುಗಳಲ್ಲಿ ನಿಂತು ಹಾಗಾಗುವುದುಂಟು. ಓಡಿ ಬರುತ್ತಿರುವಾಗಲೇ ಬಿದ್ದರೆಂದು ನೀವು ಬರೆದಿದ್ದೀರಿ. ಓಟದ ನಡುವೆ ಪ್ರಜ್ಞೆ ತಪ್ಪಿದವರಲ್ಲಿ ಹೃದಯದ ಸ್ನಾಯು ದಪ್ಪಗಾಗಿರುವ ಅಥವಾ ಬಡಿತದ ಲಯ ತಪ್ಪುವ ತೊಂದರೆಗಳಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳದೆ ಬಿಡಬಾರದು, ಮತ್ತು ಎರಡು ಬಾಟಲಿ ಡ್ರಿಪ್‌ನಿಂದ ಅದು ಖಚಿತವಾಗುವುದಿಲ್ಲ. ಮೊದಲ ಮದುವೆಗೆ ಮುಂಚೆಯೇ ಅವರು ಹೃದಯತಜ್ಞರನ್ನು ಕಂಡು ಇಸಿಜಿ, ಎಕೋ ಪರೀಕ್ಷೆ ಮಾಡಿಸಿಕೊಳ್ಳಲಿ. ಅವರ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ಹೇಳಲಿ. ಎಲ್ಲವೂ ಸರಿಯಿದೆ ಎಂದು ತಿಳಿದ ಮೇಲೆ, ನಾನು ಮೇಲೆ ಹೇಳಿದ ಎರಡು ವಾರಗಳ ಅಭ್ಯಾಸವನ್ನು ಅವರು ನಿಮ್ಮೆಲ್ಲರಿಗಿಂತ ನಿಧಾನವಾಗಿ, ಒಂದು ವಾರ ಹೆಚ್ಚಿಗೆ ತೆಗೆದುಕೊಂಡು ಮಾಡಬೇಕು. ವರದಿ ಕೈಗೆ ಬರುವವರೆಗೆ ಅವರು ತಂಡದಲ್ಲಿರಲಿ, ಆದರೆ ಮೈದಾನದಂಚಿನ ಮರದ ನೆರಳಲ್ಲಿ ಕುಳಿತು ಸ್ಕೋರ್ ಬರೆಯಲಿ.